ಇಂಡಕ್ಷನ್ ಒಲೆ: ಪಾತ್ರೆಯ ತಳ ನೋಡಿ ಕೊಳ್ಳುವುದು

ಪಾತ್ರೆ ಅಂಗಡಿಗೆ ಹೋಗುವಾಗ ಫ್ರಿಜ್‌ಗೆ ಅಂಟಿಸುವ ಮ್ಯಾಗ್ನೆಟ್ ಒಂದನ್ನು ಜೇಬಿಗೆ ಹಾಕಿಕೊಳ್ಳುತ್ತೇನೆ. ಇಂಡಕ್ಷನ್ ಒಲೆಯಲ್ಲಿ ಕಾಯುವುದು ಪಾತ್ರೆಯ ತಳವೇ. ಒಲೆಯ ಮೇಲಿನ ಗಾಜು ಬಿಸಿಯಾಗುವುದು ಆಮೇಲೆ, ಪಾತ್ರೆಯಿಂದ. ಮ್ಯಾಗ್ನೆಟ್ ಹಿಡಿಯದ ತಳಕ್ಕೆ ಇಲ್ಲಿ ಕೆಲಸವಿಲ್ಲ. ಹಳೆಯ ಅಲ್ಯೂಮಿನಿಯಂ ಕುಕ್ಕರ್, ಹಿತ್ತಾಳೆ, ತಾಮ್ರದ ತಳದ ಪಾತ್ರೆ, ಮಡಕೆ ಎಲ್ಲ ಹೊರಗೆ. ಸ್ಟೀಲಿನಲ್ಲೂ 430 ದರ್ಜೆಯದು ಮ್ಯಾಗ್ನೆಟ್ ಹಿಡಿಯುತ್ತದೆ, 304 ಹಿಡಿಯುವುದಿಲ್ಲ. ಮ್ಯಾಗ್ನೆಟ್ಟನ್ನು ತಳದ ನಡುವೆ ಮಾತ್ರವಲ್ಲ, ಅಂಚಿನಲ್ಲೂ ಇಟ್ಟು ನೋಡಬೇಕು. ಕೆಲವು ಅಗ್ಗದ ಬಾಣಲೆಗಳಿಗೆ ನಡುವೆ ಒಂದು ಸಣ್ಣ ಸ್ಟೀಲ್ ಬಿಲ್ಲೆ ಒತ್ತಿರುತ್ತಾರೆ. ಅಷ್ಟೇ ಜಾಗ ಕಾಯ್ದು, ಪಲ್ಯ ಅಲ್ಲೇ ತಳ ಹಿಡಿಯುತ್ತದೆ.

ಆಮೇಲೆ ತಳ ಮಗುಚಿ ಅದರ ಮೇಲೆ ಸ್ಟೀಲ್ ಸ್ಕೇಲು ಇಟ್ಟು ನೋಡುತ್ತೇನೆ. ಸಂದಿಯಲ್ಲಿ ಬೆಳಕು ಕಂಡರೆ ತಳ ಸಮತಟ್ಟಾಗಿಲ್ಲ, ಬೇಡ. ತಳದ ಅಗಲ ಸುಮಾರು 12 ಸೆಂ.ಮೀ.ಗಿಂತ ಕಡಿಮೆಯಿದ್ದರೆ ಎಷ್ಟೋ ಒಲೆಗಳು ಪಾತ್ರೆ ಇಟ್ಟಿದ್ದನ್ನೇ ಗುರುತಿಸದೆ ಬೀಪ್ ಎನ್ನುತ್ತವೆ. ಒಗ್ಗರಣೆ ಸೌಟು ಇಲ್ಲಿ ಸೋಲುವುದು ಇದಕ್ಕೇ. 14 ಸೆಂ.ಮೀ. ತಳದ ಪುಟ್ಟ ಬಾಣಲೆ ಇಟ್ಟುಕೊಂಡರೆ ಸಾಕು. ಒಗ್ಗರಣೆಗೆ 600 ವ್ಯಾಟ್ ದಾಟಬೇಡಿ, ಸಾಸಿವೆ ಸಿಡಿಯುವ ಮೊದಲೇ ಎಣ್ಣೆ ಹೊಗೆಯಾಡುತ್ತದೆ.

ತಳ ದಪ್ಪಗೂ ಇರಬೇಕು, ಅದಕ್ಕೆ ಕಾರಣವಿದೆ. ಬಹಳಷ್ಟು ಒಲೆಗಳು 300 ವ್ಯಾಟ್‌ಗೆ ಇಟ್ಟಾಗ ಸಣ್ಣ ಉರಿ ಕೊಡುವುದಿಲ್ಲ. ಕೆಲವು ಸೆಕೆಂಡ್ ಜೋರಾಗಿ ಉರಿದು, ಕೆಲವು ಸೆಕೆಂಡ್ ಪೂರ್ತಿ ನಿಲ್ಲುತ್ತವೆ. ತೆಳು ಪಾತ್ರೆಯಲ್ಲಿ ಹಾಲು ಉಕ್ಕುವುದು ಇಳಿಯುವುದು ನಡೆದೇ ಇರುತ್ತದೆ, ಬೆಲ್ಲದ ಪಾಕವಂತೂ ಸೀದೇ ಹೋಗುತ್ತದೆ. ನಡುವೆ ಅಲ್ಯೂಮಿನಿಯಂ ಪದರವಿರುವ ದಪ್ಪ ತಳ ಈ ಏರಿಳಿತವನ್ನು ನುಂಗಿಕೊಳ್ಳುತ್ತದೆ.

ದೋಸೆಗೆ ಬೀಡಿನ ಕಾವಲಿಯೇ ಸರಿ, ಆದರೆ ಆತುರ ಪಟ್ಟರೆ ಕೆಟ್ಟಿತು. ಗಾಜಿನ ಕೆಳಗೆ, ತಳವನ್ನು ಕಾಯಿಸುವ ತಂತಿ ಸುರುಳಿ ಸುಮಾರು 18 ಸೆಂ.ಮೀ. ಅಗಲ, ಕಾವಲಿ 28. ಒಮ್ಮೆಗೇ 2000 ವ್ಯಾಟ್‌ಗೆ ಇಟ್ಟರೆ ನಡುವೆ ಕೆಂಡದಂತೆ ಕಾಯ್ದು ಹಿಟ್ಟು ಸೌಟಿಗೇ ಸುತ್ತಿಕೊಂಡು ಬರುತ್ತದೆ, ಅಂಚು ಬೆಳ್ಳಗೆ ಉಳಿಯುತ್ತದೆ. ಬೀಡು ಬಿರುಕು ಬಿಡಲೂಬಹುದು. 700 ವ್ಯಾಟ್‌ನಲ್ಲಿ ಏಳೆಂಟು ನಿಮಿಷ ಕಾಯಿಸಿ, ನೀರು ಚಿಮುಕಿಸಿ, ಅರ್ಧ ಈರುಳ್ಳಿಯಿಂದ ಉಜ್ಜಿ, ನಂತರ ಹುಯ್ಯಬೇಕು. ದೋಸೆ ಹರಡಿದ ಮೇಲೆ 1000ಕ್ಕೆ ಏರಿಸಿ. ಕಾವಲಿಯನ್ನು ಎತ್ತಿಡಿ, ಗಾಜಿನ ಮೇಲೆ ಎಳೆದರೆ ಗೀರು ಬೀಳುತ್ತದೆ.

ಇಂಡಕ್ಷನ್ ತಳದ ಕುಕ್ಕರ್‌ಗೆ ಮೊದಲ ವಿಷಲ್‌ವರೆಗೆ 1600, ನಂತರ 500. ಒಂದು ಲೀಟರ್ ನೀರು 2000 ವ್ಯಾಟ್‌ನಲ್ಲಿ ಮೂರು ನಿಮಿಷದ ಆಸುಪಾಸಿನಲ್ಲಿ ಕುದಿಯುತ್ತದೆ, ಖರ್ಚು ಯೂನಿಟ್ಟಿನ ಹತ್ತನೇ ಒಂದು ಭಾಗ.

2000 ವ್ಯಾಟ್ ಎಂದರೆ 230 ವೋಲ್ಟ್‌ನಲ್ಲಿ ಸುಮಾರು 8.7 ಆಂಪ್. ಅಡಾಪ್ಟರ್ ಸಿಕ್ಕಿಸಿ ಮಿಕ್ಸಿಯ 6 ಆಂಪ್ ಸಾಕೆಟ್ಟಿಗೆ ಹಾಕಿದರೆ ಪ್ಲಗ್ ಕರಗಬಹುದು. ಗೀಸರ್‌ಗೆ ಕೊಡುವಂಥ 16 ಆಂಪ್ ಪಾಯಿಂಟೇ ಬೇಕು. ಅಡುಗೆ ಮುಗಿದ ಕೂಡಲೇ ಗೋಡೆಯ ಸ್ವಿಚ್ ಆರಿಸದೆ, ಒಲೆಯೊಳಗಿನ ಫ್ಯಾನ್ ತಾನಾಗಿ ನಿಲ್ಲುವವರೆಗೆ ಬಿಡಿ. ಒಲೆಯ ಕೆಳಗಿನ ಗಾಳಿ ಕಿಂಡಿಗಳಿಗೆ ಜಿರಲೆ ನುಗ್ಗುತ್ತದೆ, ಒಳಗಿನ ಸರ್ಕ್ಯೂಟ್ ಬೋರ್ಡ್ ಸುಡಲು ಅದೊಂದೇ ಸಾಕು.

ಬದನೆಕಾಯಿ ಸುಡುವುದು, ಹಪ್ಪಳ ಕೆಂಡಕ್ಕೆ ಹಿಡಿಯುವುದು ಇದರಲ್ಲಿ ಆಗದ ಮಾತು. ಮುದ್ದೆಗೆ ಹಿಟ್ಟು ಬೇಯುವವರೆಗೆ ಒಲೆ ಸಾಕು. ಕೋಲಿನಲ್ಲಿ ತಿರುವುವಾಗ ಪಾತ್ರೆಯನ್ನು ನೆಲಕ್ಕಿಳಿಸಿಕೊಳ್ಳಿ, ಆ ಒತ್ತಡ ಗಾಜಿನ ಮೇಲೆ ಬೀಳಬಾರದು.