ಮಕ್ಕಳ ಕೈಗೆ ಗಾಳ ಕೊಟ್ಟ ಮೇಲೆ

ಮಕ್ಕಳನ್ನು ಮೊದಲ ಸಲ ಮೀನು ಹಿಡಿಯಲು ಕರೆದೊಯ್ದಾಗ ಎಲ್ಲವನ್ನೂ ನಾನೇ ಮಾಡಿದೆ. ಗಂಟು ಹಾಕಿದವನು ನಾನು, ಎರೆಹುಳು ಸಿಕ್ಕಿಸಿದವನು ನಾನು, ಗಾಳ ಎಸೆದವನೂ ನಾನೇ. ಮಕ್ಕಳಿಗೆ ಉಳಿದದ್ದು ಕೋಲು ಹಿಡಿದು ನಿಲ್ಲುವ ಕೆಲಸ ಮಾತ್ರ. ದೊಡ್ಡ ಮೀನಿನ ಆಸೆಗೆ ದಪ್ಪ ದಾರ, ದೊಡ್ಡ ಕೊಕ್ಕೆ ಬೇರೆ. ಮೂರು ಗಂಟೆ ಕಳೆದರೂ, ಮೀನು ಕಚ್ಚಿದರೆ ನೀರ ಮೇಲೆ ಕುಣಿಯುವ ಬೆಂಡು ಅಲುಗಲಿಲ್ಲ. ಆರು ಮಕ್ಕಳಲ್ಲಿ ನಾಲ್ವರು ಮತ್ತೆ ಬರಲಿಲ್ಲ.

ಉಳಿದ ಇಬ್ಬರಿಗಾಗಿ ಎಲ್ಲವನ್ನೂ ಚಿಕ್ಕದು ಮಾಡಿದೆ. 14ನೇ ಸಂಖ್ಯೆಯ ಕೊಕ್ಕೆ (ಈ ಅಳತೆಯಲ್ಲಿ ಸಂಖ್ಯೆ ಹೆಚ್ಚಿದಷ್ಟೂ ಕೊಕ್ಕೆ ಸಣ್ಣದು), ಎರಡು ಕಿಲೋ ಭಾರ ತಡೆಯುವ ತೆಳು ನೈಲಾನ್ ದಾರ, ಪುಟ್ಟ ಬೆಂಡು, ತುಂಡು ಎರೆಹುಳು. ಭಾರಕ್ಕೆಂದು ದಾರಕ್ಕೆ ಕಚ್ಚಿಸುವ ಸೀಸದ ಗುಂಡುಗಳನ್ನು ಬಿಟ್ಟು ತವರದವನ್ನು ತಂದೆ. ಮಕ್ಕಳು ಅವನ್ನು ಹಲ್ಲಿನಿಂದಲೇ ಒತ್ತುತ್ತಾರೆ, ಸೀಸವೋ ವಿಷ. ನೀರಗಿಡಗಳ ಅಂಚಿನಲ್ಲಿ, ಮೊಣಕಾಲುದ್ದದ ನೀರಿನಲ್ಲಿ ಬೆರಳುದ್ದದ ಮೀನುಗಳು ಗುಂಪಾಗಿರುತ್ತವೆ. ಅಲ್ಲಿ ಗಾಳ ಬಿಟ್ಟರೆ ಬೆಂಡು ಸುಮ್ಮನಿರುವುದೇ ಅಪರೂಪ. ಒಂದೂವರೆ ಗಂಟೆಯ ಮೇಲೆ ಒಂದು ನಿಮಿಷವೂ ನಾನು ಅವರನ್ನು ನಿಲ್ಲಿಸಿಕೊಳ್ಳುತ್ತಿರಲಿಲ್ಲ. ಇನ್ನೂ ಬೇಕು ಎನ್ನುತ್ತಲೇ ಮನೆಗೆ ಹೋಗಬೇಕು.

ಗಂಟನ್ನು ಕಲಿಸಿದ್ದು ದಡದಲ್ಲಲ್ಲ, ಮನೆಯಲ್ಲಿ, ಹಗ್ಗ ಮತ್ತು ಬೀಗದ ಕೈಯ ಬಳೆ ಇಟ್ಟುಕೊಂಡು. ದಾರವನ್ನು ಕೊಕ್ಕೆಯ ಕಣ್ಣಿನಲ್ಲಿ ತೂರಿಸಿ, ಅದೇ ದಾರಕ್ಕೆ ಐದಾರು ಸುತ್ತು ಸುತ್ತಿ, ಕಣ್ಣಿನ ಪಕ್ಕದ ಕುಣಿಕೆಯೊಳಗಿನಿಂದ ತುದಿಯನ್ನು ಹೊರತೆಗೆದು ಎಳೆಯುವುದು. ಎಳೆಯುವ ಮುನ್ನ ಎಂಜಲಿನಿಂದ ನೆನೆಸಬೇಕು. ಒಣ ನೈಲಾನ್ ತಿಕ್ಕಾಟಕ್ಕೆ ಬಿಸಿಯಾಗಿ ಬಲ ಕಳೆದುಕೊಳ್ಳುತ್ತದೆ. ಹತ್ತು ವರ್ಷದ ಹುಡುಗನೊಬ್ಬ ಅಂಗೈಯಗಲದ ಮೀನನ್ನು ದಡದವರೆಗೆ ತಂದು ಕಳೆದುಕೊಂಡ. ಅಳು ಬಂದಿತ್ತು. ದಾರದ ತುದಿಯನ್ನು ಅವನ ಅಂಗೈ ಮೇಲಿಟ್ಟೆ. ಅದು ಹಂದಿಯ ಬಾಲದಂತೆ ಸುರುಳಿ ಸುತ್ತಿತ್ತು. ಹಾಗಿದ್ದರೆ ದಾರ ತುಂಡಾಗಿಲ್ಲ, ಗಂಟು ಜಾರಿದೆ ಎಂದರ್ಥ. ಅವನು ಅಳು ನಿಲ್ಲಿಸಿ ಆ ಸುರುಳಿಯನ್ನೇ ನೋಡುತ್ತ ಕುಳಿತ. ಆ ದಿನ ಅವನು ಹಾಕಿದ ಮುಂದಿನ ಗಂಟನ್ನು ನಾನು ಎಷ್ಟು ಜಗ್ಗಿದರೂ ಬಿಚ್ಚಲಾಗಲಿಲ್ಲ.

ಸುರಕ್ಷತೆಯಲ್ಲಿ ನನಗೆ ರಾಜಿಯಿಲ್ಲ. ನೀರಿನ ಬಳಿ ತೇಲುಜಾಕೆಟ್, ಕಣ್ಣಿಗೆ ಕನ್ನಡಕ, ಗಾಳ ಎಸೆಯುವ ಮುನ್ನ ಹಿಂದಕ್ಕೊಂದು ನೋಟ. ಕೊಕ್ಕೆಯ ತುದಿಯ ಹಿಮ್ಮುಖ ಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟ ಮಾಡಿಸುತ್ತೇನೆ. ಮೀನಿನ ಬಾಯಿಂದಲೂ ಮಗುವಿನ ಹೆಬ್ಬೆರಳಿನಿಂದಲೂ ಅದು ಸಲೀಸಾಗಿ ಹೊರಬರುತ್ತದೆ. ಎರಡನ್ನೂ ಕಂಡಿದ್ದೇನೆ.

ಎಲ್ಲಕ್ಕಿಂತ ಕಷ್ಟದ ಪಾಠ ಮೀನು ಕೈಗೆ ಬಂದ ಮೇಲಿನದು. ಇಟ್ಟುಕೊಳ್ಳುವುದೋ ಬಿಡುವುದೋ? ಅಲ್ಲಿನ ನಿಯಮ ಯಾವ ಮೀನನ್ನು, ಎಷ್ಟು ಅಳತೆಯದನ್ನು ಇಟ್ಟುಕೊಳ್ಳಬಹುದು ಎನ್ನುತ್ತದೆ ಎಂಬುದನ್ನು ಮೊದಲೇ ಓದಿಸಿರುತ್ತೇನೆ. ಅದರೊಳಗಿನ ತೀರ್ಮಾನ ಹಿಡಿದವರದು. ಬಿಡುವುದಾದರೆ ಕೈ ಒದ್ದೆ ಮಾಡಿಕೊಂಡೇ ಮುಟ್ಟಬೇಕು. ಒಣಗೈ ಮೈಮೇಲಿನ ಲೋಳೆಯನ್ನು ಕಿತ್ತರೆ ಮೀನಿಗೆ ಸೋಂಕು ತಗಲಬಹುದು. ಕೊಕ್ಕೆಯನ್ನು ಆಳಕ್ಕೆ ನುಂಗಿದ್ದರೆ ಎಳೆಯದೆ ದಾರವನ್ನು ಕತ್ತರಿಸಬೇಕು. ಇಟ್ಟುಕೊಳ್ಳುವುದಾದರೆ ಕಣ್ಣುಗಳ ಹಿಂದೆ, ತಲೆಯ ಮೇಲೆ ಒಂದೇ ಗಟ್ಟಿ ಪೆಟ್ಟು. ಬಕೆಟಿನಲ್ಲಿ ಉಸಿರುಗಟ್ಟಿ ಸಾಯಲು ಬಿಡುವುದನ್ನು ನಾನು ಒಪ್ಪುವುದಿಲ್ಲ. ಮಗು ಮುಖ ತಿರುಗಿಸಿದರೆ ಬೈಯುವುದಿಲ್ಲ. ಆದರೆ ಆ ಪೆಟ್ಟನ್ನು ಮರೆಮಾಡುವುದೂ ಇಲ್ಲ.

ಹದಿಮೂರರ ಹುಡುಗಿಯೊಬ್ಬಳು ಒಂದು ಬೆಳಿಗ್ಗೆ ಎರಡು ಮೀನು ಹಿಡಿದು, ಎರಡನ್ನೂ ತಾನೇ ಕೊಂದಳು. ಬೆಂಡು ಮತ್ತೆ ಕುಣಿಯುತ್ತಿತ್ತು. ಅವಳು ದಾರ ಸುತ್ತಿ, ಕೊಕ್ಕೆಯನ್ನು ಬಿರಡೆಗೆ ಚುಚ್ಚಿ, "ಎರಡು ಸಾಕು ಮಾಮ" ಎಂದಳು. ಇನ್ನೂ ಅರ್ಧ ಗಂಟೆ ಉಳಿದಿತ್ತು. ಅಷ್ಟೂ ಹೊತ್ತು ಹೊಸದಾಗಿ ಬಂದ ಹುಡುಗನ ಪಕ್ಕ ಕುಳಿತು ಗಂಟು ಹಾಕುವುದನ್ನು ಕಲಿಸಿದಳು. "ಎಳೆಯುವ ಮೊದಲು ಎಂಜಲು" ಎಂದು ಅವಳು ಹೇಳುವುದು ನನಗೆ ಕೇಳಿಸಿತು.