ಎಲ್ಲರೂ ಒಂದೇ ಗಾಡಿಯಲ್ಲಿ: ಅವ್ವನ ಅಸ್ಥಿ ಬಿಡಲು ಹೋದದ್ದು

ಅವ್ವನ ಅಸ್ಥಿ ಬಿಡಲು ಹೊರಟಾಗ ನಾನು ಹಟ ಹಿಡಿದದ್ದು ಒಂದಕ್ಕೇ. ಎಲ್ಲರೂ ಒಂದೇ ಗಾಡಿಯಲ್ಲಿ ಹೋಗಬೇಕು. ಧಾರವಾಡದ ಅಣ್ಣನ ಹತ್ತಿರ ಕಾರಿದೆ. ತಮ್ಮ ಪುಣೆಯಿಂದ ತನ್ನ ಕಾರಿನಲ್ಲೇ ಬಂದಿದ್ದ. ನಮ್ಮ ಯಜಮಾನರು ನಮ್ಮ ಕಾರು ತೆಗೆಯೋಣ ಅಂದರು. ಹಾಗೆ ಮಾಡಿದರೆ ಏನಾಗುತ್ತದೆ ಅಂತ ಬೇರೆಯವರ ಮನೆಯಲ್ಲಿ ನೋಡಿದ್ದೆ. ಮೂರು ಕಾರು ಹೊಳೆ ದಂಡೆಗೆ ಬಂದು ನಿಲ್ಲುತ್ತವೆ. ಭಟ್ಟರು ಮಂತ್ರ ಹೇಳಿ ಮುಗಿಸುತ್ತಾರೆ. ಅಷ್ಟರಲ್ಲಿ ಯಾರಿಗೋ ಆಫೀಸಿನ ಫೋನ್ ಬರುತ್ತದೆ. ಆಮೇಲೆ ಮೂರು ಕಾರು ಮೂರು ದಿಕ್ಕಿಗೆ. ಸತ್ತವರ ಬಗ್ಗೆ ಒಬ್ಬರಿಗೊಬ್ಬರು ಒಂದು ಮಾತೂ ಆಡಿರುವುದಿಲ್ಲ.

ಮನೆಯಲ್ಲಿ ಮಾತಾಡಬಹುದಲ್ವಾ ಅಂತ ಕೇಳಬಹುದು. ಆಗೋದಿಲ್ಲ. ಆ ಹತ್ತು ದಿನ ಮನೆ ತುಂಬ ಜನ. ಮಾತನಾಡಿಸಲು ಬಂದವರಿಗೆ ಅದೇ ಕಥೆಯನ್ನು ಮತ್ತೆ ಮತ್ತೆ ಹೇಳಬೇಕು. ಯಾವಾಗ ಆಯ್ತು, ಯಾವ ಆಸ್ಪತ್ರೆ, ಕೊನೆಗೆ ಏನಂದರು. ಹೇಳಿ ಹೇಳಿ ಅದು ಬೇರೆ ಯಾರದೋ ಮನೆಯ ಸುದ್ದಿ ಅನಿಸಿಬಿಡುತ್ತದೆ. ನಾವು ನಾವೇ ಕೂತು ಅಳಲು, ಮಾತಾಡಲು ಜಾಗವೇ ಇರಲಿಲ್ಲ.

ಎಲ್ಲಿಗೆ ಹೋಗಬೇಕು ಅನ್ನುವುದರ ಬಗ್ಗೆ ಸ್ವಲ್ಪ ಚರ್ಚೆ ಆಯಿತು. ಅಣ್ಣ ಗೋಕರ್ಣ ಅಂದ. ಹುಬ್ಬಳ್ಳಿಯಿಂದ ಯಲ್ಲಾಪುರ ದಾಟಿ, ಅರಬೈಲ್ ಘಟ್ಟ ಇಳಿದು, ಅಂಕೋಲಾ ಮೇಲೆ ಹೋಗುವ ದಾರಿ. ನಮ್ಮ ಕಡೆಯ ಎಷ್ಟೋ ಮಂದಿ ಅಲ್ಲಿಗೇ ಹೋಗುತ್ತಾರೆ. ತಮ್ಮ ಕಾಶಿಗೇ ಹೋಗೋಣ, ವಿಮಾನದ ಖರ್ಚು ನನ್ನದು ಅಂದ. ಅಪ್ಪ ಮಾತ್ರ ಗಳಗನಾಥ ಅಂದರು.

ಅವ್ವ ಹುಟ್ಟಿದ್ದು ಕರ್ಜಗಿ ಹತ್ತಿರದ ಒಂದು ಹಳ್ಳಿಯಲ್ಲಿ, ವರದಾ ನದಿ ದಂಡೆಗೆ. ವರದಾ ಸಾಗರ ತಾಲೂಕಿನ ವರದಾಮೂಲದಲ್ಲಿ ಹುಟ್ಟಿ, ಬನವಾಸಿ ಸುತ್ತಿಕೊಂಡು, ಹಾನಗಲ್, ಹಾವೇರಿ ಸೀಮೆ ದಾಟಿ ಗಳಗನಾಥದಲ್ಲಿ ತುಂಗಭದ್ರೆಗೆ ಸೇರುತ್ತದೆ. ಅಲ್ಲಿಂದ ಆ ನೀರು ಹೊಸಪೇಟೆಯ ಡ್ಯಾಮ್ ತುಂಬಿಸಿ, ಹಂಪಿ ದಾಟಿ, ಮಂತ್ರಾಲಯದ ಮುಂದೆ ಹರಿಯುತ್ತದೆ. ಅವ್ವನಿಗೆ ರಾಯರು ಅಂದರೆ ಪ್ರಾಣ. ಪ್ರತಿ ವರ್ಷ ಮಂತ್ರಾಲಯಕ್ಕೆ ಕರ್ಕೊಂಡು ಹೋಗ್ರಿ ಅನ್ನುತ್ತಿದ್ದಳು.

“ಅಕಿ ಈಸ್ ಕಲ್ತ ನೀರು ಅದು. ಹೋಗೂದೂ ರಾಯರ ಕಡೆನ. ಇನ್ನೇನ್ ಬೇಕು?” ಅಂದರು ಅಪ್ಪ. ಅಲ್ಲಿಗೆ ಮಾತು ಮುಗಿಯಿತು.

ಇನ್ನೊಬ್ಬರು ಕೇಳಿದರೆ ನಾನೂ ಇದನ್ನೇ ಹೇಳುತ್ತೇನೆ. ದೊಡ್ಡ ಕ್ಷೇತ್ರವೇ ಆಗಬೇಕೆಂದಿಲ್ಲ. ಹೋದವರಿಗೆ ಗೊತ್ತಿದ್ದ ನೀರು ಆದರೆ ಒಳ್ಳೆಯದು. ನಮ್ಮ ಭಾಗದವರಿಗೆ ಕೃಷ್ಣಾ ಮಲಪ್ರಭಾ ಸೇರುವ ಕೂಡಲಸಂಗಮ ಇದೆ, ಹರಿಹರ ಇದೆ, ಹಂಪಿ ಇದೆ. ನಮ್ಮ ಆಚಾರ್ಯರು ಹತ್ತು ದಿನದೊಳಗೆ ಬಿಟ್ಟರೆ ಒಳ್ಳೆಯದು ಅಂದರು. ಯಾರಾದರೂ ಪರದೇಶದಿಂದ ಬರಬೇಕಾಗಿದ್ದರೆ ಆಮೇಲೂ ವಿಧಿ ಮಾಡಿ ಬಿಡಬಹುದು ಅಂತಲೂ ಹೇಳಿದರು. ಮಕ್ಕಳಲ್ಲಿ ಒಬ್ಬರನ್ನು ಬಿಟ್ಟು ಅವಸರದಲ್ಲಿ ಮುಗಿಸುವುದಕ್ಕಿಂತ ಕಾಯುವುದೇ ಮೇಲು.

ಮೂರನೇ ದಿನ ಬೆಳಿಗ್ಗೆ ಅಸ್ಥಿ ಆರಿಸಲು ಹೋದಾಗ ನಾನೂ ಹೋದೆ. ಹೆಣ್ಣುಮಕ್ಕಳು ಬೇಡ ಅಂತ ಯಾರೂ ಗಟ್ಟಿಯಾಗಿ ಹೇಳಲಿಲ್ಲ. ನಾನು ಕೇಳಲೂ ಇಲ್ಲ. ಬೂದಿಯ ಮೇಲೆ ಹಾಲು, ನೀರು ಚಿಮುಕಿಸಿ, ಕಾಲಿನ ಕಡೆಯಿಂದ ಶುರು ಮಾಡಿ ತಲೆಯ ಕಡೆಗೆ ಆರಿಸುತ್ತಾ ಬರಬೇಕು. ಕೈಯಲ್ಲಿ ಹಿಡಿದಾಗ ಎಲುಬು ಎಷ್ಟು ಹಗುರ ಅಂತ ಗೊತ್ತಾಗುವುದು ಆಗಲೇ. ಮಣ್ಣಿನ ಗಡಿಗೆಯೊಳಗೆ ಹಾಕಿದರೆ ಬೋಕಿ ಬಿದ್ದಂಥ ಸಣ್ಣ ಸದ್ದು.

ಅಣ್ಣನ ಕೈಗೆ ಒಂದು ಭಾರದ ವಸ್ತು ಬಂತು. ಕಪ್ಪಾಗಿತ್ತು. ಉಜ್ಜಿದರೆ ಒಳಗೆ ಹೊಳಪು. ಅವನಿಗೆ ಏನೆಂದೇ ತಿಳಿಯಲಿಲ್ಲ. ಸ್ಮಶಾನದಲ್ಲಿ ಕೆಲಸ ಮಾಡುವವರು ಹತ್ತಿರ ಬಂದು, “ಅವ್ವಾರ ಮೊಣಕಾಲಿಂದು ರೀ. ಈಗೀಗ ಭಾಳ ಬರ್ತಾವ,” ಅಂದರು. ಹಿಂದೆ ಆಪರೇಷನ್ ಮಾಡಿ ಹಾಕಿದ್ದ ಕೃತಕ ಕೀಲು. ಅಪ್ಪ ರೈಲ್ವೆ ವರ್ಕ್‌ಶಾಪಿನಲ್ಲಿ ಜೀವಮಾನ ಕಳೆದವರು. ಅದನ್ನು ಇಸಿದುಕೊಂಡು ತಿರುಗಿಸಿ ತಿರುಗಿಸಿ ನೋಡಿದರು. “ಕಟ್ಟಿಗಿ ಬೆಂಕಿಗೆ ಕರಗೂದಲ್ಲ ಇದು,” ಅಂದರು. ನಿಜ. ಇಂಥ ಕೀಲುಗಳಲ್ಲಿ ಬಳಸುವ ಟೈಟಾನಿಯಂ ಕರಗಬೇಕಾದರೆ 1,668 ಡಿಗ್ರಿ ಸೆಲ್ಸಿಯಸ್ ಬೇಕು. ಯಾವ ಚಿತೆಯೂ ಅಷ್ಟು ಕಾಯುವುದಿಲ್ಲ. ಆ ಕೀಲಿನ ಮೇಲೆಯೇ ಅವ್ವ ಮತ್ತೆ ದುರ್ಗದಬೈಲಿನವರೆಗೆ ನಡೆದು ಹೋಗಿ ತರಕಾರಿ ತರುತ್ತಿದ್ದಳು. ಅಪ್ಪ ಅದನ್ನು ಟವೆಲಿನಲ್ಲಿ ಸುತ್ತಿ ಬಗಲಲ್ಲಿ ಇಟ್ಟುಕೊಂಡರು. ಹೊಳೆಗೆ ಹಾಕೋದಲ್ಲ ಅಂದರು.

ನಿಮ್ಮ ಮನೆಯಲ್ಲೂ ಹೀಗೆ ಆಪರೇಷನ್ ಆದವರು ಇದ್ದರೆ, ಅಸ್ಥಿ ಆರಿಸುವವರಿಗೆ ಮೊದಲೇ ಒಂದು ಮಾತು ಹೇಳಿಡಿ. ಆ ಹೊತ್ತಿಗೆ ಅದು ಕೈಗೆ ಸಿಕ್ಕರೆ ಮನುಷ್ಯ ಬೆಚ್ಚಿಬೀಳುತ್ತಾನೆ.

ಅಸ್ಥಿಯನ್ನು ಮನೆಯೊಳಗೆ ತರುವ ಪದ್ಧತಿ ನಮ್ಮಲ್ಲಿಲ್ಲ. ಗಡಿಗೆಯ ಬಾಯಿಗೆ ಬಿಳಿ ಬಟ್ಟೆ ಕಟ್ಟಿ ಸ್ಮಶಾನದ ಗೂಡಿನಲ್ಲಿಟ್ಟು, ಹೆಸರು ಬರೆಸಿ ಬಂದೆವು. ಉಳಿದ ಬೂದಿಯನ್ನು ಒಂದು ಡಬ್ಬಿಯಲ್ಲಿ ತುಂಬಿ ಪಕ್ಕಕ್ಕಿಟ್ಟೆವು.

ಆ ಸಂಜೆ ಪಕ್ಕದ ಮನೆಯ ಕಾಕು ಬಂದಿದ್ದರು. ಅವರು ಲಿಂಗಾಯತರು, ಮಣ್ಣು ಮಾಡುವ ಪದ್ಧತಿ. ಅವರ ಯಜಮಾನರ ಸಮಾಧಿ ಊರಿನ ಹೊಲದಲ್ಲೇ ಇದೆ. “ನನಗ ಮನಸ್ಸಿಗೆ ಬ್ಯಾಸರಾದ್ರ ಹೋಗಿ ಅವರ ಹತ್ರ ಕುಂತು ಬರ್ತೀನಿ ನೋಡವ್ವ. ನೀವು ಎಲ್ಲಿ ಕುಂದರ್ತೀರಿ?” ಅಂತ ಕೇಳಿದರು. ಕುತೂಹಲಕ್ಕೆ ಕೇಳಿದ್ದಲ್ಲ, ನಮ್ಮ ಮೇಲಿನ ಕಾಳಜಿಯಿಂದಲೇ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅಡುಗೆಮನೆಯಲ್ಲಿ ಕೂತು ಅವ್ವನ ತಮ್ಮನಿಗೆ, ನಮ್ಮ ಮಾಮಾಗೆ, ಫೋನ್ ಮಾಡಿ ಈ ಮಾತು ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಉಳಿದ ಬೂದಿ ಹೊಲಕ್ಕ ತೊಗೊಂಡ್ ಬಾ,” ಅಂದರು.

ಬಾಡಿಗೆಗೆ ಕ್ರೂಸರ್ ತೆಗೆದುಕೊಂಡೆವು. ಕ್ರೂಸರ್‌ನಲ್ಲಿ ಒಂದು ಅನುಕೂಲ ಇದೆ. ಹಿಂದಿನ ಸೀಟುಗಳು ಎದುರುಬದುರು. ಕೂತವರು ಒಬ್ಬರ ಮುಖ ಒಬ್ಬರು ನೋಡಲೇಬೇಕು. ಡ್ರೈವರಿಗೆ ಯಾವ ಕೆಲಸಕ್ಕೆ ಹೋಗುತ್ತಿದ್ದೇವೆ ಅಂತ ಮೊದಲೇ ಹೇಳಿಬಿಡಿ. ಕೆಲವರು ಒಪ್ಪುವುದಿಲ್ಲ. ಅದು ಅವರ ನಂಬಿಕೆ, ಒತ್ತಾಯ ಮಾಡಬಾರದು. ನಮಗೆ ಸಿಕ್ಕವರು, “ಇಂಥಾ ಬಾಡಿಗಿಗೆ ನಾ ಅವಸರ ಮಾಡಂಗಿಲ್ರಿ,” ಅಂದರು. ಹಾಗೇ ನಡೆದುಕೊಂಡರು ಕೂಡ. ಊಟಕ್ಕೆ ಮೊಸರನ್ನ, ಬಾಳೆಹಣ್ಣು, ಥರ್ಮಾಸ್‌ನಲ್ಲಿ ಚಹಾ ಕಟ್ಟಿಕೊಂಡಿದ್ದೆವು. ಆಚಾರ್ಯರೂ ನಮ್ಮ ಜೊತೆಗೇ ಬಂದರು.

ಗಡಿಗೆಯನ್ನು ಕೆಳಗೆ ಇಡುವಂತಿಲ್ಲ. ತೊಡೆಯ ಮೇಲೆಯೇ ಇಟ್ಟುಕೊಂಡು ಹೋಗಬೇಕು. ಹಿರಿಯ ಮಗ ಅಂತ ಅಣ್ಣನೇ ಕೊನೆಯವರೆಗೂ ಹಿಡಿಯಬೇಕು ಅಂದುಕೊಂಡಿದ್ದೆವು. ನಾನು ಆಚಾರ್ಯರನ್ನು ಕೇಳಿದೆ, ಎಲ್ಲರೂ ಸರದಿಯಲ್ಲಿ ಹಿಡಿಯಬಹುದೇ ಅಂತ. “ಅವ್ವ ಎಲ್ಲಾರಿಗೂ ಅವ್ವನ ಅಲ್ಲೇನು?” ಅಂದರು. ಹುಬ್ಬಳ್ಳಿಯಿಂದ ಶಿಗ್ಗಾವಿವರೆಗೆ ಅಣ್ಣ. ಶಿಗ್ಗಾವಿಯಿಂದ ಬಂಕಾಪುರದವರೆಗೆ ತಮ್ಮ. ಹೀಗೆ ಊರು ಬಂದಂತೆ ಕೈ ಬದಲಾಯಿತು.

ನಾವು ಮಾಡಿದ್ದರಲ್ಲಿ ಅತ್ಯಂತ ಒಳ್ಳೆಯ ಕೆಲಸ ಅಂದರೆ ಇದೇ. ಗಡಿಗೆ ಯಾರ ತೊಡೆಯ ಮೇಲೆ ಬಂತೋ ಅವರಿಗೆ ಮಾತು ಬಂತು. ಯಾರೂ ಹೇಳಿಕೊಟ್ಟದ್ದಲ್ಲ. ತಮ್ಮ, ಪಿಯುಸಿಯಲ್ಲಿ ಫೇಲಾದಾಗ ಅವ್ವ ಅಪ್ಪನಿಗೆ ತಿಳಿಯದಂತೆ ಬಳೆ ಒತ್ತೆಯಿಟ್ಟು ಟ್ಯೂಷನ್ ಫೀ ಕಟ್ಟಿದ್ದನ್ನು ಹೇಳಿದ. ಮುಂದೆ ಕೂತಿದ್ದ ಅಪ್ಪ ಹಿಂದೆ ತಿರುಗದೆಯೇ, “ನನಗ ಗೊತ್ತಿತ್ತು. ಬಿಡಿಸಿ ತಂದಾವ ಯಾರು?” ಅಂದರು. ತಮ್ಮನಿಗೆ ಇಷ್ಟು ವರ್ಷ ಅದು ಗೊತ್ತೇ ಇರಲಿಲ್ಲ. ಅವನು ಅಳಲು ಶುರು ಮಾಡಿದ್ದು ಆಗ. ಪುಣೆಯಿಂದ ಬಂದಾಗಿನಿಂದ ಒಂದು ಹನಿಯೂ ಹಾಕಿರಲಿಲ್ಲ.

ವೈನಿಯ, ಅಂದರೆ ಅಣ್ಣನ ಹೆಂಡತಿಯ, ಸರದಿ ಬಂಕಾಪುರ ದಾಟಿದ ಮೇಲೆ ಬಂತು. ಅವರಿಗೂ ಅವ್ವನಿಗೂ ಸರಿಯಿರಲಿಲ್ಲ, ಇದು ಮನೆಯಲ್ಲಿ ಎಲ್ಲರಿಗೂ ಗೊತ್ತು. ಹಿಡಿಯುತ್ತೀರಾ ಅಂತ ಕೇಳಲು ನನಗೇ ಅಂಜಿಕೆ. ಅವರು ತಾವೇ ಕೈ ಚಾಚಿದರು. ಬಹಳ ಹೊತ್ತು ಸುಮ್ಮನೆ ಕಿಟಕಿಯಾಚೆ ನೋಡುತ್ತಿದ್ದರು. ಆಮೇಲೆ ರಂಜಕದ ಮಾತು ತೆಗೆದರು. ಅವ್ವ ವರ್ಷಾ ಹಸಿ ಕೆಂಪು ಮೆಣಸಿನಕಾಯಿ ಬಂದಾಗ ರಂಜಕ ಕುಟ್ಟುತ್ತಿದ್ದಳು. ಉಪ್ಪೆಷ್ಟು, ಲಿಂಬಿಹಣ್ಣೆಷ್ಟು ಅಂತ ಯಾರಿಗೂ ಹೇಳಿಕೊಡುತ್ತಿರಲಿಲ್ಲ. ವೈನಿ ನೋಡಿ ನೋಡಿಯೇ ಕಲಿತರು. “ಹ್ವಾದ ವರ್ಷ ನಾ ಮಾಡಿದ್ದನ್ನ ಹಚ್ಚಿಕೊಂಡು ತಿಂದ್ರು. ಚೊಲೋ ಆಗೇದ ಅನ್ನಲಿಲ್ಲ. ಮತ್ತೊಂದ್ ಚಮಚಾ ಹಾಕ್ಕೊಂಡ್ರು. ನಾ ಅವತ್ತ ರಾತ್ರಿ ನಿದ್ದಿ ಮಾಡಲಿಲ್ಲ, ಅಷ್ಟ್ ಖುಷಿ ಆಗಿತ್ತು.” ಅಣ್ಣ ಅವರ ಮುಖವನ್ನೇ ನೋಡುತ್ತಾ ಕೂತ. ಮೂರು ಕಾರಿನಲ್ಲಿ ಹೋಗಿದ್ದರೆ ಈ ಮಾತು ಎಲ್ಲಿ ಬರುತ್ತಿತ್ತು?

ಅಣ್ಣನ ಸಣ್ಣ ಮಗನಿಗೂ ಕೊಟ್ಟೆವು, ಪಕ್ಕದಲ್ಲಿ ನಾನು ಕೈ ಹಿಡಿದುಕೊಂಡಿದ್ದೆ. ಮಕ್ಕಳನ್ನು ಕರೆದುಕೊಂಡು ಹೋಗಬಾರದು ಅನ್ನುವವರಿದ್ದಾರೆ. ನನಗೆ ಹಾಗೆ ಅನಿಸುವುದಿಲ್ಲ. ಅಜ್ಜಿ ದೇವರ ಹತ್ರ ಹೋದಳು ಅಂತ ಹೇಳಿ ಬಾಗಿಲು ಮುಚ್ಚಿದರೆ ಮಗುವಿಗೆ ಅಂಜಿಕೆ ಜಾಸ್ತಿ. ಅವನು ಕೇಳಿದ್ದು ನೇರ ಪ್ರಶ್ನೆ: “ಇದರಾಗ ಅಜ್ಜಿ ಕೈ ಯಾವುದು?” ಗೊತ್ತಾಗೋದಿಲ್ಲಪ್ಪ, ಎಲ್ಲಾ ಒಂದೇ ಥರ ಆಗಿರ್ತದ ಅಂದೆ. ತಲೆ ಅಲ್ಲಾಡಿಸಿದ. ಗಡಿಗೆಯನ್ನು ಇನ್ನಷ್ಟು ಗಟ್ಟಿ ಹಿಡಿದ.

ಮಾಮಾನ ಊರಲ್ಲಿ ಮನೆಯೊಳಗೆ ಹೋಗಲಿಲ್ಲ, ಸೂತಕ. ಸೀದಾ ಹೊಲಕ್ಕೇ ಹೋದೆವು. ಬದುವಿನಲ್ಲಿ ಒಂದು ಹಳೆಯ ಬೇವಿನ ಗಿಡ ಇದೆ. ಮಾಮಾ ಅದರಿಂದ ಸ್ವಲ್ಪ ದೂರದಲ್ಲಿ ಅಗಲವಾಗಿ ಅಗೆಸಿ ಇಟ್ಟಿದ್ದರು. ಅಪ್ಪ ಟವೆಲಿನಿಂದ ಆ ಕೀಲು ತೆಗೆದು ತಳದಲ್ಲಿಟ್ಟರು. ಮೇಲೆ ಮಣ್ಣಿನ ಜೊತೆ ಬೂದಿ ಕಲಸಿ ಹಾಕಿದೆವು. ಬೂದಿಯನ್ನು ಸಸಿಯ ಬುಡಕ್ಕೆ ರಾಶಿ ಸುರಿಯುವುದು ಒಳ್ಳೆಯದಲ್ಲ. ಅದರಲ್ಲಿ ಉಪ್ಪು, ಕ್ಷಾರ ಹೆಚ್ಚು, ಎಳೆಯ ಬೇರು ಸುಟ್ಟುಹೋಗುತ್ತದೆ. ಸಸಿ ನೆಡುವವರು ಸ್ವಲ್ಪವೇ ಬೂದಿಯನ್ನು ಜಾಸ್ತಿ ಮಣ್ಣಿನಲ್ಲಿ ಬೆರೆಸಿ. ಅವ್ವನ ನೆನಪಿಗೆ ನೆಟ್ಟ ಗಿಡ ಒಣಗಿದರೆ ಅದು ಇನ್ನೊಂದು ಸಂಕಟ. ಮಾಮಾ ಅಲ್ಲಿಂದ ನಮ್ಮ ಜೊತೆ ಹತ್ತಿದರು. ಹಾವೇರಿ, ಗುತ್ತಲದ ಮೇಲೆ ಗಳಗನಾಥ. ಗುತ್ತಲದಿಂದ ಗಡಿಗೆ ಅಪ್ಪನ ತೊಡೆಯ ಮೇಲೆ. ಅವರು ಏನೂ ಹೇಳಲಿಲ್ಲ. ರಸ್ತೆ ಕೆಟ್ಟಿದ್ದ ಕಡೆಯೆಲ್ಲ ಗಡಿಗೆಯ ಮೇಲೆ ಅಂಗೈ ಇಟ್ಟುಕೊಳ್ಳುತ್ತಿದ್ದರು, ಅಷ್ಟೇ.

ಗಳಗನಾಥದಲ್ಲಿ ಹೊಳೆಯ ದಂಡೆಗೇ ಚಾಲುಕ್ಯರ ಕಾಲದ ಗಳಗೇಶ್ವರ ಗುಡಿ ಇದೆ. ಕೆಳಗೆ ಅಗಲ, ಮೇಲೆ ಹೋದಂತೆ ಕಿರಿದಾಗುವ ಕಲ್ಲಿನ ಕಟ್ಟು. ಹೊಳೆ ಉಕ್ಕಿ ಬಂದರೂ ಅಲ್ಲಾಡದಂತೆ ಕಟ್ಟಿದ ಹಾಗೆ ಕಾಣುತ್ತದೆ. ನಾವು ಹೋದದ್ದು ಕಾರ್ತಿಕದಲ್ಲಿ. ನೀರು ಇತ್ತು, ಸೆಳೆತ ಕಡಿಮೆ. ಶ್ರಾವಣದ ಆಸುಪಾಸು ಹೋದರೆ ಪ್ರವಾಹ ಇರಬಹುದು, ನೀರಿಗೆ ಇಳಿಯುವ ಸಾಹಸ ಬೇಡ. ಬೇಸಿಗೆಯಲ್ಲಿ ನೀರು ತಳ ಹಿಡಿದಿರುತ್ತದೆ. ಮರಳು ತೆಗೆದ ಗುಂಡಿಗಳು ಮೇಲಿಂದ ಕಾಣುವುದಿಲ್ಲ. ಊರಿನವರನ್ನು ಕೇಳಿಯೇ ಇಳಿಯಬೇಕು. ನಾವೂ ಕೇಳಿದೆವು, ಒಬ್ಬರು ಮುಂದೆ ನಡೆದು ಜಾಗ ತೋರಿಸಿದರು.

ವಿಧಿ ಮುಗಿದ ಮೇಲೆ ಅಣ್ಣ ಮೊಣಕಾಲು ಮಟ್ಟದ ನೀರಿನಲ್ಲಿ ದಕ್ಷಿಣಕ್ಕೆ ಮುಖ ಮಾಡಿ ನಿಂತ. ನಾವೆಲ್ಲ ಅವನ ಹಿಂದೆ ಇಳಿದೆವು. ಒಂದು ವಿಷಯ ಗಮನದಲ್ಲಿರಲಿ: ಎತ್ತರದಿಂದ ಸುರಿಯಬೇಡಿ. ಹೊಳೆಯ ಮೇಲೆ ಗಾಳಿ ಇರುತ್ತದೆ, ಬೂದಿ ಮುಖಕ್ಕೆ ಬರುತ್ತದೆ. ಗಡಿಗೆಯನ್ನು ನೀರಿಗೆ ತಾಗಿಸಿ, ನಿಧಾನವಾಗಿ ವಾಲಿಸಿದರೆ ನೀರು ತಾನೇ ಒಳಗೆ ಹೋಗಿ ಕರೆದುಕೊಳ್ಳುತ್ತದೆ. ಎಲುಬು ಅಲ್ಲೇ ಮುಳುಗಿತು. ಬೂದಿ ಹಾಲಿನ ಬಣ್ಣಕ್ಕೆ ತಿರುಗಿ ಸ್ವಲ್ಪ ದೂರ ಹರಿದು ಕಾಣದಾಯಿತು. ಎಲ್ಲರೂ ಗಡಿಗೆಗೆ ಒಂದೊಂದು ಕೈ ಹಚ್ಚಿದ್ದೆವು. ಮಾಮಾ “ಅಕ್ಕಾ” ಅಂತ ಒಮ್ಮೆ ಜೋರಾಗಿ ಕೂಗಿದರು. ಅವರನ್ನು ಆಮೇಲೆ ಹಿಡಿದುಕೊಂಡು ದಂಡೆಗೆ ತರಬೇಕಾಯಿತು.

ಬಟ್ಟೆ, ಪ್ಲಾಸ್ಟಿಕ್ ಚೀಲ, ಹಾರದ ದಾರ ಇವನ್ನೆಲ್ಲ ನಾವು ವಾಪಸ್ ತಂದೆವು. ಬಿಡಿ ಸೇವಂತಿಗೆ ಹೂವು ಮಾತ್ರ ನೀರಿಗೆ. ದಂಡೆಯಲ್ಲಿ ಯಾರೋ ಬಿಟ್ಟು ಹೋದ ಸೀರೆಗಳು ಗಿಡಗಂಟಿಗೆ ಸಿಕ್ಕಿಕೊಂಡಿದ್ದವು. ನಮ್ಮವರನ್ನು ಕೊಟ್ಟ ನೀರಿಗೆ ಕಸ ಹಾಕಲು ಮನಸ್ಸು ಹೇಗೆ ಬರುತ್ತದೆ?

ಬರುವಾಗ ಅಪ್ಪ ಮುಂದೆ ಕೂರಲಿಲ್ಲ. ಹಿಂದೆ ನಮ್ಮ ನಡುವೆ ಬಂದು ಕೂತರು. ಬಂಕಾಪುರ ಹತ್ತಿರ ಬಂದಾಗ ತಾವಾಗಿಯೇ ಶುರು ಮಾಡಿದರು. ಮದುವೆಯಾದ ಹೊಸದರಲ್ಲಿ ಅವ್ವನನ್ನು ಬಂಕಾಪುರದ ಕೋಟೆಗೆ ನವಿಲು ನೋಡಲು ಕರೆದುಕೊಂಡು ಬಂದಿದ್ದರಂತೆ. ಇಡೀ ದಿನ ಕಾದರೂ ಒಂದೂ ಕಾಣಲಿಲ್ಲವಂತೆ. ವಾಪಸ್ ಬಸ್ಸು ಹತ್ತಿದ ಮೇಲೆ ಅವ್ವ, “ನನಗ ಎರಡು ಕಂಡ್ವು, ನೀವು ಪೇಪರ್ ಓದಾಕ ಹತ್ತಿದ್ರಿ,” ಅಂದಳಂತೆ. “ಸುಳ್ಳ ಹೇಳಿದ್ಲೋ ಖರೇನೋ, ಇವತ್ತಿನ ತನಕ ಗೊತ್ತಾಗಿಲ್ಲ,” ಅಂದರು. ವೈನಿ, “ಖರೇನ ಇರಬೇಕು ಬಿಡ್ರಿ, ಅವ್ವಾರ ಕಣ್ಣಿಗೆ ಏನೂ ತಪ್ಪುತಿರಲಿಲ್ಲ,” ಅಂದರು. ಹುಬ್ಬಳ್ಳಿ ಮುಟ್ಟುವವರೆಗೂ ಅಪ್ಪ ಮಾತಾಡುತ್ತಲೇ ಇದ್ದರು. ವರ್ಷಾಂತಿಕ ಆದ ಮೇಲೆ ಮಂತ್ರಾಲಯಕ್ಕೆ ಹೋಗುವುದು ಅಂತ ನಿಶ್ಚಯವಾಗಿದೆ. ಅದೇ ಡ್ರೈವರಿಗೆ ಈಗಲೇ ಹೇಳಿಟ್ಟಿದ್ದೇವೆ.