ಅತ್ತೆಯ ಮಳೆ ಪುಸ್ತಕ, ನನ್ನ ಏಳು ಎಕರೆ

ನಮ್ಮ ಮನೆಯ ಜಗಲಿಯ ಗೂಡಿನಲ್ಲಿ ಹಳೆಯ ನೋಟ್‌ಬುಕ್ಕುಗಳ ಒಂದು ಕಟ್ಟು ಇದೆ. ದುಡ್ಡಿನ ಲೆಕ್ಕ ಅಲ್ಲ, ಮಳೆ ಲೆಕ್ಕ. ಅತ್ತೆ ದಿನಾ ಬೆಳಿಗ್ಗೆ ಎಂಟಕ್ಕೆ ಅಂಗಳದ ಮಳೆ ಮಾಪಕ ನೋಡಿ ಇಂಚು, ಸೆಂಟು (ಇಂಚಿನ ನೂರರಲ್ಲೊಂದು ಪಾಲು) ಬರೆದಿಡುತ್ತಿದ್ದರು. ಪಕ್ಕದಲ್ಲಿ ಒಂದು ಸಣ್ಣ ಸಾಲು: "ಬಟ್ಟೆ ಒಣಗಲಿಲ್ಲ", "ತೋಡು ಕಲಕಿದೆ", "ಕಣದ ಕಾಫಿ ಮುಚ್ಚಿದೆವು". ತೋಡು ಅಂದರೆ ನಮ್ಮ ಕಡೆ ಸಣ್ಣ ಹಳ್ಳ. ಮದುವೆಯಾಗಿ ಕೊಡಗಿನ ಸುಂಟಿಕೊಪ್ಪದ ಕಡೆಯ ಈ ಕಾಫಿ ತೋಟಕ್ಕೆ ಬಂದ ಹೊಸತರಲ್ಲಿ ನನಗಿದು ಮುದುಕರ ಚಟ ಅನಿಸಿತ್ತು.

2018ರ ಆಗಸ್ಟ್ ಆದಮೇಲೆ ಆ ಕಟ್ಟು ಬಿಚ್ಚಿದೆ. ಆ ವಾರ ಮಾಪಕವನ್ನು ದಿನಕ್ಕೆ ಎರಡು ಮೂರು ಸಲ ಖಾಲಿ ಮಾಡಿದ್ದೆವು. ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲ, ಮಾದಾಪುರದ ಕಡೆ ಬೆಟ್ಟಗಳೇ ಜಾರಿ ಬಂದವು. ಮರುವರ್ಷ ತೋರ ಗ್ರಾಮದಲ್ಲಿ, ಅದರ ಮರುವರ್ಷ ತಲಕಾವೇರಿಯ ಬ್ರಹ್ಮಗಿರಿಯಲ್ಲಿ ಗುಡ್ಡ ಜಾರಿತು. ನಮ್ಮ ತೋಟದಲ್ಲಿ ಹೋದದ್ದು ಕಣದ ಹಿಂದಿನ ಬರೆ (ಗುಡ್ಡದ ಕಡಿದಾದ ಮಣ್ಣಿನ ಗೋಡೆ), ಜೊತೆಗೆ ನಲವತ್ತು ಗಿಡ. ಬೇರೆಯವರು ಕಳೆದುಕೊಂಡದ್ದರ ಮುಂದೆ ಅದೇನೂ ಅಲ್ಲ. ಆದರೆ ಆ ಬರೆ ಬಿದ್ದದ್ದಕ್ಕೆ ಕಾರಣ ಮಳೆ ಒಂದೇ ಅಲ್ಲ ಅಂತ ನನಗೆ ಗೊತ್ತಿತ್ತು. ಕಣ ಅಗಲ ಮಾಡಲು ಜೆಸಿಬಿ ತರಿಸಿ ಗುಡ್ಡದ ಬುಡ ಕಡಿಸಿದ್ದು ನಾವೇ.

ಪುಸ್ತಕಗಳನ್ನು ಹರಡಿಕೊಂಡು ಕೂತಾಗ ಮೊದಲು ಕಂಡದ್ದು ಇದು: ವರ್ಷದ ಒಟ್ಟು ಮಳೆ ಏರುತ್ತದೆ, ಇಳಿಯುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. ನಾನು ಒಟ್ಟು ಕೂಡಿಸುತ್ತಿದ್ದದ್ದನ್ನು ನೋಡಿ ಅತ್ತೆ ಹೇಳಿದರು, "ಮೊತ್ತ ಬಿಡು ಮಗಾ, ಎಷ್ಟು ದಿನ ಬಂತು ಅಂತ ಎಣಿಸು." ಎಣಿಸಿದೆ. ಹಳೆಯ ಪುಸ್ತಕಗಳಲ್ಲಿ ಕಕ್ಕಡದ ತಿಂಗಳು (ಜುಲೈ-ಆಗಸ್ಟ್) ಪೂರ್ತಿ ಮುಕ್ಕಾಲು ಇಂಚು, ಒಂದು ಇಂಚು, ಎಂಬತ್ತು ಸೆಂಟು, ಹೀಗೆ ಸಾಲುಸಾಲು. ಈಚಿನ ಪುಸ್ತಕಗಳಲ್ಲಿ ಐದಾರು ದಿನ ಖಾಲಿ, ಆಮೇಲೆ ಒಂದೇ ರಾತ್ರಿ ಐದಾರು ಇಂಚು. ಹಿಂದೆ ಜಿಟಿಜಿಟಿ ಬಂದು ಇಂಗುತ್ತಿದ್ದ ನೀರು ಈಗ ದಬದಬ ಬಿದ್ದು ಹರಿದು ಹೋಗುತ್ತದೆ.

ಇದರ ಹಿಂದಿನ ವಿಜ್ಞಾನ ಕಷ್ಟದ್ದಲ್ಲ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಅದರಲ್ಲಿ ಸುಮಾರು ಶೇ. 7ರಷ್ಟು ಜಾಸ್ತಿ ನೀರಾವಿ ಹಿಡಿಯುತ್ತದೆ. ದೊಡ್ಡ ಹಂಡೆ ತುಂಬಲು ಹೊತ್ತು ಬೇಕು, ಮಗುಚಿದಾಗ ಮಾತ್ರ ಮನೆಯೆಲ್ಲಾ ನೀರು. ಕಾರ್ಖಾನೆಗಳ ಕಾಲ ಶುರುವಾಗುವ ಮೊದಲು ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಸುಮಾರು 280 ಪಾಲು ಇದ್ದ ಕಾರ್ಬನ್ ಡೈಆಕ್ಸೈಡ್ ಈಗ 420 ದಾಟಿದೆ. ಮುಖ್ಯವಾಗಿ ಕಲ್ಲಿದ್ದಲು, ಪೆಟ್ರೋಲು, ಡೀಸೆಲ್ ಸುಟ್ಟಿದ್ದರಿಂದ, ಜೊತೆಗೆ ಕಾಡು ಕಡಿದಿದ್ದರಿಂದ. ಭೂಮಿ ಆಗಲೇ ಒಂದು ಡಿಗ್ರಿಗಿಂತ ಜಾಸ್ತಿ ಬಿಸಿಯಾಗಿದೆ, ನಮ್ಮ ಪಡುವಣ ಕಡಲೂ ಬಿಸಿಯಾಗಿದೆ. ಇದನ್ನು ಕೊಡಗಿನವರು ಮಾಡಿದ್ದಲ್ಲ, ನಿಜ. ಆದರೆ ಆ ಮಳೆ ಬಿದ್ದಾಗ ನೆಲ ಹೇಗಿರಬೇಕು ಅನ್ನುವುದು ನಮ್ಮ ಕೈಯಲ್ಲೇ ಇತ್ತು, ಅಲ್ವಾ?

ಮೊದಲು ಮಾಡಿದ ಕೆಲಸವೇ ತಪ್ಪಾಯಿತು. ನೀರು ಹರಿದು ಹೋಗುತ್ತಿದೆ, ತಡೆದು ಇಂಗಿಸಬೇಕು ಅಂತ 2019ರ ಬೇಸಿಗೆಯಲ್ಲಿ ತೋಟದ ತುಂಬ ತೊಟ್ಟಿಲು ಗುಂಡಿ, ಅಂದರೆ ಮಳೆ ನೀರು ನಿಂತು ಇಂಗುವ ಉದ್ದನೆಯ ಗುಂಡಿ, ತೆಗೆಸಿದೆ. ನಾಲ್ಕು ಗಿಡದ ನಡುವೆ ಒಂದು, ಮೇಲಿನ ಇಳಿಜಾರಿನಲ್ಲೂ ಬಿಡಲಿಲ್ಲ. ಆಗಸ್ಟಿನಲ್ಲಿ ಮತ್ತೆ ಜೋರು ಮಳೆ ಬಂತು. ಗುಂಡಿಗಳೇನೋ ತುಂಬಿದವು, ನನಗೆ ಖುಷಿಯೂ ಆಯಿತು. ಮೂರನೇ ದಿನ ಇಳಿಜಾರಿನ ನಡುವೆ, ಹಿಂದೆಂದೂ ನೀರು ಕಾಣದ ಜಾಗದಲ್ಲಿ, ಕೆಂಪು ನೀರು ಬುಳುಬುಳು ಎದ್ದಿತು. 2018ರಲ್ಲಿ ಊರೆಲ್ಲಾ ಜಲಸ್ಫೋಟ ಅನ್ನುತ್ತಿದ್ದರಲ್ಲ, ಅದರ ಮರಿ. ನಮ್ಮಲ್ಲಿ ಇಪ್ಪತ್ತು ವರ್ಷದಿಂದ ಕೆಲಸ ಮಾಡುವವರು ಓಡಿ ಬಂದು, "ಅಕ್ಕಾ, ಗುಡ್ಡ ನೀರು ಕುಡಿದು ಹೊಟ್ಟೆ ಉಬ್ಬಿಸಿಕೊಂಡಿದೆ, ಒಡೆದು ಬಿಡಿ" ಅಂದರು. ಮಳೆಯಲ್ಲೇ ನಿಂತು ಗುಂಡಿಗಳ ಕೆಳದಂಡೆ ಒಡೆದು ನೀರನ್ನು ಪಕ್ಕದ ಬಂಡೆಯ ಕಡೆ ತಿರುಗಿಸಿದೆವು. ಆ ರಾತ್ರಿ ಯಾರೂ ಮಲಗಲಿಲ್ಲ.

ಮಣ್ಣು ಒಂದು ಮಟ್ಟದವರೆಗೆ ನೀರು ಹಿಡಿಯುತ್ತದೆ. ಅದಾದ ಮೇಲೆ ಒಳಗಿನ ನೀರೇ ಮಣ್ಣನ್ನು ಕೆಳಗಿನ ಗಟ್ಟಿ ಪದರದಿಂದ ಬಿಡಿಸುತ್ತದೆ. ಅದರ ಮೇಲೆ ಬುಡ ಕಡಿದ ಇಳಿಜಾರಾದರೆ ಕೇಳುವುದೇ ಬೇಡ. 2018ರ ನಂತರ ಬಂದು ನೋಡಿದ ಭೂವಿಜ್ಞಾನಿಗಳೂ ಮಳೆಯ ಜೊತೆಗೆ ರಸ್ತೆಗೆ, ಮನೆಗೆ, ಹೋಂಸ್ಟೇಗೆ ಗುಡ್ಡ ಕಡಿದದ್ದನ್ನು ಎತ್ತಿ ಹೇಳಿದ್ದರು. ಓದಿದ್ದೆ, ನನ್ನ ತೋಟಕ್ಕೆ ಅದು ಅನ್ವಯಿಸುತ್ತದೆ ಅಂತ ಅನಿಸಿರಲಿಲ್ಲ ಅಷ್ಟೆ.

ಈಗ ತೋಟವನ್ನು ಎರಡು ಪಾಲು ಮಾಡಿದ್ದೇನೆ. ಕೆಳಗಿನ ಚಪ್ಪಟೆ ನಾಲ್ಕು ಎಕರೆಯಲ್ಲಿ ಗುಂಡಿ, ದರಗಿನ (ಒಣ ಎಲೆಯ) ಹೊದಿಕೆ, ನೀರು ನಿಲ್ಲಿಸುವ ಕೆಲಸ. ಮೇಲಿನ ಇಳಿಜಾರಿನ ಮೂರು ಎಕರೆಯಲ್ಲಿ ತದ್ವಿರುದ್ಧ. ಅಲ್ಲಿ ಗುಂಡಿ ಮುಚ್ಚಿಸಿದೆ. ಅಡ್ಡಕ್ಕೆ ಸ್ವಲ್ಪವೇ ಓಟವಿರುವ ಚರಂಡಿ ತೆಗೆದು, ನೀರನ್ನು ಬಂಡೆ ಇರುವ ಕಡೆಯಿಂದ ತೋಡಿಗೆ ಬಿಡುತ್ತೇವೆ. ಚರಂಡಿಯ ಅಂಚಿಗೆ ಲಾವಂಚ. ಬಿದ್ದ ಬರೆಗೆ ಕಾಂಕ್ರೀಟ್ ಗೋಡೆ ಕಟ್ಟಿಸಿ ಅಂತ ಬಹಳ ಜನ ಹೇಳಿದರು. ಹಿಂದಿನ ನೀರಿಗೆ ದಾರಿ ಕೊಡದೆ ಗೋಡೆ ಕಟ್ಟಿದರೆ ಮುಂದಿನ ಸಲ ಗೋಡೆ ಸಮೇತ ಬರುತ್ತದೆ. ಕಣವನ್ನೇ ಹತ್ತು ಅಡಿ ಮುಂದಕ್ಕೆ ತಂದು, ಬರೆಯನ್ನು ಮೆಟ್ಟಿಲು ಮಾಡಿಸಿದೆ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಮೇಲಿನ ಬೇಲಿ ಸಾಲು ನಡೆದು ನೋಡುತ್ತೇನೆ. ನೆಲ ಬಿರುಕು ಬಿಟ್ಟಿದೆಯಾ, ಮರ ವಾಲಿದೆಯಾ, ಬಾವಿ ನೀರು ಕೆಂಪಾಗಿದೆಯಾ. ಬಿರುಕು ಕಂಡರೆ ಮೊದಲು ಕಾರ್ಮಿಕರ ಲೈನ್ ಮನೆ ಖಾಲಿ ಮಾಡಿಸುವುದು, ಉಳಿದದ್ದು ಆಮೇಲೆ.

ಎರಡನೇ ತಪ್ಪು ಇನ್ನೂ ಹಳೆಯದು, ಅದು ನೆರಳಿನ ವಿಷಯ. ಮೇಲಿನ ತೋಟದಲ್ಲಿ ನಾವೇ ಹಾಲುವಾಣ ತೆಗೆದು, ಹಲಸು ಅತ್ತಿ ಕಡಿಮೆ ಮಾಡಿ, ಸಿಲ್ವರ್ ಓಕ್ ಹಾಕಿದ್ದೆವು. ಬೇಗ ಬೆಳೆಯುತ್ತದೆ, ಮೆಣಸು ಹಬ್ಬಿಸಬಹುದು, ಕಡಿಯಲು ಕಾಡುಮರದಷ್ಟು ರಗಳೆ ಇಲ್ಲ. ಬಿಸಿಲು ಬಿದ್ದರೆ ನಮ್ಮ ರೋಬಸ್ಟಾ ತಳಿಯ ಕಾಫಿಗೆ ಕಾಯಿಯೂ ಜಾಸ್ತಿ ಹಿಡಿಯುತ್ತದೆ. ಇದೆಲ್ಲ ಸುಳ್ಳಲ್ಲ, ಮಳೆ ಹೇಳಿದ ಹೊತ್ತಿಗೆ ಬರುವವರೆಗೆ. 2023ರ ಮುಂಗಾರು ಕೈಕೊಟ್ಟು, 2024ರ ಮಾರ್ಚ್ ಏಪ್ರಿಲ್‌ನಲ್ಲಿ ಮಳೆಯೂ ಇಲ್ಲದೆ ಉರಿ ಬಿಸಿಲು ಬಂದಾಗ ಮೇಲಿನ ತೋಟದ ಎಲೆ ಸುಟ್ಟು ಜೋತುಬಿತ್ತು. ಕೆಳಗೆ, ಅತ್ತೆ ಹಟ ಮಾಡಿ ಉಳಿಸಿಕೊಂಡಿದ್ದ ಅತ್ತಿ, ಹಲಸು, ನಂದಿ ಮರಗಳ ಅಡಿಯಲ್ಲಿ, ಗಿಡ ಬಾಡಿದ್ದರೂ ಹಸಿರಾಗಿಯೇ ಇತ್ತು. ಮನೆ ಬಳಿ ಉಳಿದಿದ್ದ ಒಂದಿಷ್ಟು ಅರೇಬಿಕಾ, ಕಾಫಿಯ ಇನ್ನೊಂದು ಜಾತಿ, ಅಷ್ಟರಲ್ಲಿ ಬಿಳಿ ಕಾಂಡಕೊರಕ ಹುಳಕ್ಕೆ ಬಲಿಯಾಗಿತ್ತು. ಆ ಹುಳಕ್ಕೆ ಬಿಸಿಲು ಬೀಳುವ ತೋಟವೇ ಇಷ್ಟ.

ಆ ಜೂನ್‌ನಲ್ಲಿ ಹಾಲುವಾಣದ ಗೂಟ ನೆಡಲು ಶುರು ಮಾಡಿದೆ. ಆಳೆತ್ತರದ ಗೂಟ ಮಳೆ ಹಿಡಿದ ಮೇಲೆ ನೆಟ್ಟರೆ ಚಿಗುರುತ್ತದೆ, ಬೇಗ ನೆರಳು ಕೊಡುತ್ತದೆ, ಉದುರಿದ ಎಲೆ ಗೊಬ್ಬರ. ಅದರ ನಡುನಡುವೆ ನಿಧಾನಕ್ಕೆ ಬೆಳೆಯುವ ಹಲಸು, ನೇರಳೆ, ಹೊನ್ನೆ. ಸಿಲ್ವರ್ ಓಕ್ ಪೂರ್ತಿ ತೆಗೆದಿಲ್ಲ, ಮೆಣಸಿನ ದುಡ್ಡು ಬಿಡುವಷ್ಟು ದೊಡ್ಡವಳಲ್ಲ ನಾನು. ನೆರಳು ಜಾಸ್ತಿಯಾದರೆ ಮಳೆಗಾಲದಲ್ಲಿ ಕೊಳೆ ರೋಗ ಬರುತ್ತದೆ, ಅದೂ ನಿಜ. ಹಾಗಾಗಿ ಮುಂಗಾರಿನ ಮೊದಲು ಮರದ ಕೊಂಬೆ ಸವರುವ ಕಪಾತು ತಪ್ಪಿಸುವುದಿಲ್ಲ. ಮರ ಹತ್ತುವವರು ಸಿಗುವುದೇ ದೊಡ್ಡ ತಲೆನೋವು, ಅದನ್ನು ಬರೆಯಲು ಕೂತರೆ ಇನ್ನೊಂದು ಲೇಖನ ಬೇಕು. ಕಾಫಿ ರೇಟು ಏರಿದ ಮೇಲೆ ಅಕ್ಕಪಕ್ಕದಲ್ಲಿ ಮತ್ತೆ ಮರ ತೆಳುಮಾಡುವ ಗರಗಸದ ಸದ್ದು ಕೇಳುತ್ತಿದೆ. ನಾನು ಹೇಳಿದರೆ ಕೇಳುತ್ತಾರಾ? ನಾನೂ ಆಗ ಕೇಳಿರಲಿಲ್ಲ.

ಕಣದ ಕಥೆ ಚಿಕ್ಕದು. 2021ರ ಜನವರಿಯಲ್ಲಿ ಕೊಯ್ಲಿನ ನಡುವೆ ಮಳೆ ಬಂದು, ಹರಡಿದ್ದ ಕಾಫಿಗೆ ಬೂಷ್ಟು ಹಿಡಿಯಿತು. ಗಿಡದಲ್ಲಿದ್ದ ಹಣ್ಣು ಒಡೆದು ಉದುರಿತು, ಹೊತ್ತಲ್ಲದ ಹೊತ್ತಿನಲ್ಲಿ ಹೂವೂ ಬಂತು. ಈಗ ಕಬ್ಬಿಣದ ಪೈಪಿನ ಮೇಲೆ ಪ್ಲಾಸ್ಟಿಕ್ ಹೊದಿಸಿದ ಚಪ್ಪರ ಮಾಡಿದ್ದೇವೆ, ಎರಡೂ ಕಡೆ ಗಾಳಿ ಆಡುತ್ತದೆ. ಅರ್ಧ ಬೆಳೆ ಅದರೊಳಗೆ ಒಣಗುತ್ತದೆ. ಉಳಿದರ್ಧಕ್ಕೆ ಟಾರ್ಪಾಲು ಮತ್ತು ದೇವರು.

ನಮ್ಮ ಪಾಲಿನ ಹೊಗೆಯನ್ನೂ ಒಮ್ಮೆ ಲೆಕ್ಕ ಹಾಕಿದೆ. ಡೀಸೆಲ್ ಪಂಪ್ ದೊಡ್ಡದು ಅಂದುಕೊಂಡಿದ್ದೆ. ಯೂರಿಯಾವನ್ನು ನಾನು ಲೆಕ್ಕಕ್ಕೇ ಇಟ್ಟಿರಲಿಲ್ಲ. ಗಿಡ ಹೀರದೆ ಉಳಿದ ಸಾರಜನಕದ ಒಂದು ಪಾಲು ಮಣ್ಣಿನಲ್ಲಿ ನೈಟ್ರಸ್ ಆಕ್ಸೈಡ್ ಆಗಿ ಏಳುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಅದು ಅಷ್ಟೇ ತೂಕದ ಕಾರ್ಬನ್ ಡೈಆಕ್ಸೈಡ್‌ಗಿಂತ ಸುಮಾರು 270 ಪಟ್ಟು ಬಿಸಿ ಮಾಡುತ್ತದೆ. ಮಣ್ಣು ಪರೀಕ್ಷೆ ಮಾಡಿಸಿದೆ, ಹುಳಿ ಜಾಸ್ತಿ ಅಂತ ಬಂತು. ಸುಣ್ಣ ಹಾಕಿ, ಯೂರಿಯಾ ಕಡಿಮೆ ಮಾಡಿ, ಅದನ್ನೂ ಕಂತು ಕಂತಾಗಿ ಕೊಡುತ್ತಿದ್ದೇನೆ. ಇಳುವರಿ ಬೀಳಲಿಲ್ಲ. ಇಷ್ಟು ವರ್ಷ ದುಡ್ಡು ಕೊಟ್ಟು ಗಾಳಿಗೆ ಬಿಡುತ್ತಿದ್ದೆವು ಅಂತಾಯಿತು.

ಇನ್ನೂ ಬಗೆಹರಿಯದ್ದು ಹೂಮಳೆ. ರೋಬಸ್ಟಾಗೆ ಫೆಬ್ರವರಿ ಮಾರ್ಚ್‌ನಲ್ಲಿ ಒಂದು ಒಂದೂವರೆ ಇಂಚು ಮಳೆ ಬಿದ್ದರೆ ವಾರದಲ್ಲಿ ಮೊಗ್ಗು ಅರಳುತ್ತದೆ. ಎರಡು ಮೂರು ವಾರದಲ್ಲಿ ಇನ್ನೊಂದು ಮಳೆ, ನಾವು ಬ್ಯಾಕಿಂಗ್ ಅನ್ನುವುದು, ಬರಲೇಬೇಕು. ಮಳೆ ಬರದಿದ್ದರೆ ಸ್ಪ್ರಿಂಕ್ಲರ್. ಆದರೆ ತೋಡಿನ ನೀರಿಗೆ ಎಲ್ಲರೂ ಒಂದೇ ವಾರ ಪೈಪು ಇಳಿಸಿದರೆ ಕೆಳಗಿನವರಿಗೆ ಕುಡಿಯಲೂ ಉಳಿಯುವುದಿಲ್ಲ. ನಾವು ಐದು ಮನೆಯವರು ಕೂತು ಪಾಳಿ ಮಾಡಿಕೊಂಡೆವು. ಪಾಳು ಬಿದ್ದಿದ್ದ ಗದ್ದೆಯನ್ನು ಮಣ್ಣು ತುಂಬಿಸಿ ಶುಂಠಿಗೆ ಕೊಡಿ ಅಂತ ಒಬ್ಬರು ಬಂದಿದ್ದರು, ಕೊಡಲಿಲ್ಲ. ಅದರ ತಲೆಯಲ್ಲಿ ಕೆರೆ ತೋಡಿಸಿ, ಉಳಿದದ್ದರಲ್ಲಿ ಭತ್ತ ಹಾಕಿದೆವು. ನೀರು ನಿಂತ ಭತ್ತದ ಗದ್ದೆಯಿಂದ ಮೀಥೇನ್ ಬರುತ್ತದೆ ಅಂತ ಮಗಳು ತಕರಾರು ತೆಗೆದಳು. ಬರುತ್ತದೆ. ಆದರೆ ಗದ್ದೆಯಲ್ಲಿ ನೀರು ನಿಂತ ವರ್ಷ ಬಾವಿ ಏಪ್ರಿಲ್‌ನಲ್ಲೂ ಬತ್ತಲಿಲ್ಲ. ನಾನು ಬಾವಿಯ ಪಕ್ಷ.

2024ರಲ್ಲಿ ಕೆರೆ ಅರ್ಧ ತೋಟಕ್ಕೆ ಮಾತ್ರ ಸಾಕಾಯಿತು. ಎಲ್ಲಕ್ಕೂ ಚೂರು ಚೂರು ಹೊಡೆದರೆ ಮೊಗ್ಗು ಅರೆಬರೆ ಅರಳಿ ಮೇಲಿನ ತೋಟ, ಕೆಳಗಿನ ತೋಟ ಎರಡೂ ಕೆಡುತ್ತದೆ. ಅದಕ್ಕೆ ಮೇಲಿನ ತೋಟವನ್ನು ಬಿಟ್ಟೇಬಿಟ್ಟೆ. ಕಳೆದ ಸಲ ನೀರಿತ್ತು. ಮೋಡ ನೋಡಿಕೊಂಡು ನಾಲ್ಕು ದಿನ ಕಾದೆವು, ಮಳೆ ಬರಲಿಲ್ಲ, ಪಂಪ್ ಹಾಕಿದೆವು. ಎಂಟನೇ ದಿನ ತೋಟವೆಲ್ಲ ಬೆಳ್ಳಗೆ ಅರಳಿ ಪರಿಮಳ ಜಗಲಿಗೆ ಬಂತು. ಮಧ್ಯಾಹ್ನ ಮೂರಕ್ಕೆ ಗುಡುಗಿ, ಅರಳಿದ ಹೂವಿನ ಮೇಲೆ ಮಳೆ ಸುರಿಯಿತು. ರೋಬಸ್ಟಾಗೆ ಬೇರೆ ಗಿಡದ ಪರಾಗ ಬೇಕು, ಅದೆಲ್ಲ ತೊಳೆದು ಹೋಗುವುದನ್ನು ಕಿಟಕಿಯಲ್ಲಿ ನಿಂತು ನೋಡಿದೆ.

ಅತ್ತೆಗೆ ಈಗ ಕಣ್ಣು ಮಂಜು, ಬರೆಯುವವಳು ನಾನು. ಮರುದಿನ ಬೆಳಿಗ್ಗೆ "ಎಷ್ಟು ಬಂತು?" ಅಂದರು. "ಅರವತ್ತು ಸೆಂಟು" ಅಂದೆ. "ಹೂವಿನ ಮೇಲೆ ಬಿತ್ತು ಅಂತಲೂ ಬರಿ" ಅಂದರು. ಬರೆದೆ.